ಮುದ್ದೆಕಲ್ಲು, ಹಾಳೆಕಲ್ಲು

ನನ್ನ ಅಡುಗೆಮನೆಯ ಕಿಟಕಿಯಲ್ಲಿ ಒಂದು ಕಲ್ಲಿದೆ. ಅದರ ಜೊತೆಯ ಇನ್ನೊಂದು ಕಲ್ಲು ಒಳಗೆ ಬೀರುವಿನಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗಿದೆ. ಕಿಟಕಿಯ ಕಲ್ಲಿನ ಮೇಲೆ ದಿನಾ ಒದ್ದೆ ಲೋಟ ಕವುಚಿ ಹಾಕುತ್ತೇನೆ, ಅದಕ್ಕೇನೂ ಆಗಿಲ್ಲ. ಡಬ್ಬಿಯ ಕಲ್ಲಿಗೆ ಮಾತ್ರ ಒಂದು ತೊಟ್ಟು ನೀರು ಸೋಕಬಾರದು. ಮನೆಗೆ ಬಂದವರು "ಇದೇನ್ರೀ ಟೀಚರ್, ಕಲ್ಲನ್ನ ಚಕ್ಕುಲಿ ಇಟ್ಟಂಗೆ ಡಬ್ಬಿಲಿಟ್ಟಿದೀರಾ?" ಎಂದು ನಗುತ್ತಾರೆ. ನಗಲಿ ಬಿಡಿ. ನನಗೆ ಮಳೆಗಾಲ ಬಂತೆಂದರೆ ಆ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯಾ ಎಂದು ನೋಡಿದ ಮೇಲೆಯೇ ಸಮಾಧಾನ.

ಎರಡೂ ನನ್ನ ತವರಿನ ತೋಟದ ಬಾವಿಯಿಂದ ಬಂದ ಕಲ್ಲುಗಳು. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕೆ ನಮ್ಮ ತೋಟ. ಅಪ್ಪ, ಅವ್ವ, ನನ್ನ ತಮ್ಮ ಮತ್ತು ಅವನ ಹೆಂಡತಿ ಮಕ್ಕಳು ಎಲ್ಲರೂ ತೋಟದ ಮನೆಯಲ್ಲೇ ಇದ್ದರು. ನಾನು ತುರುವೇಕೆರೆಗೆ ಮದುವೆಯಾಗಿ ಬಂದವಳು. ಇಲ್ಲೊಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಲ್ಲಿಗೂ ನನಗೂ ಏನೇನೂ ಸಂಬಂಧವಿರಲಿಲ್ಲ. ಇದ್ದಿದ್ದು ಅವ್ವನ ಮಂಡಿಗೆ.

ಅವ್ವನಿಗೆ ಮಂಡಿ ನೋವು ಶುರುವಾಗಿ ವರ್ಷಗಳಾಗಿದ್ದವು. ನೆಲದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ, ತೆಂಗಿನ ಮರವನ್ನು ತಬ್ಬಿಕೊಂಡು ಏಳುತ್ತಿದ್ದಳು. ಹಾಗಂತ ಮನೆಯಲ್ಲಿ ಸುಮ್ಮನಿರುವ ಜೀವವೇ ಅದು? ಬೆಳಗಾದರೆ ತೋಟ. ಬಿದ್ದ ಸೋಗೆ ಎಳೆದು ಒಂದು ಕಡೆ ಹಾಕುವುದು, ಗರಿ ಸೀಳಿ ಪೊರಕೆ ಕಡ್ಡಿ ಮಾಡುವುದು, ಹಸುವಿಗೆ ಹುಲ್ಲು ಕೊಯ್ಯುವುದು. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು ಬಾವಿಯ ಪಕ್ಕದ ಹೊಂಗೆಮರಕ್ಕೆ ಒರಗಿ ನಿಂತುಬಿಡುತ್ತಿದ್ದಳು. ತಮ್ಮ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮರದ ಕೆಳಗೆ ಹಾಕಿದ. ತೋಟದ ಮೆದು ಮಣ್ಣಿನಲ್ಲಿ ಅದರ ಒಂದು ಕಾಲು ಹೂತು, ಅವ್ವ ಪಕ್ಕಕ್ಕೆ ಮಗುಚಿಕೊಂಡಳು. ಬಿದ್ದಲ್ಲೇ ನಕ್ಕಿದ್ದೂ ನಕ್ಕಿದ್ದೇ. ಆಮೇಲೆ ಆ ಕುರ್ಚಿ ಕೊಟ್ಟಿಗೆ ಸೇರಿ ಹಿಂಡಿ ಚೀಲ ಹೊರುವ ಕೆಲಸಕ್ಕೆ ನಿಂತಿತು.

ಅವತ್ತು ಅವ್ವ ಅಪ್ಪನಿಗೆ ಹೇಳಿದಳು: "ಈ ಹೊಂಗೆಮರದ ಬುಡಕ್ಕೆ ನಂಗೊಂದು ಕಲ್ಲು ಹಾಕ್ಸಿಕೊಡಿ. ಕಾಲು ಇಳಿಬಿಟ್ಕಂಡು ಕೂರಂಗಿದ್ರೆ ಸಾಕು."

ಅಪ್ಪನನ್ನು ಅವ್ವ ಏನಾದರೂ ಕೇಳಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಸೀರೆ ಕೇಳಿದವಳಲ್ಲ, ಒಡವೆ ಕೇಳಿದವಳಲ್ಲ. ಎಲ್ಲದಕ್ಕೂ "ಇರ್ಲಿ ಬುಡಿ" ಅನ್ನುವ ಹೆಂಗಸು. ಅಪ್ಪ ಅವತ್ತು ತಲೆ ಕೆರೆದುಕೊಂಡು ಹೋದರು. ಆದರೆ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡರು ಅನ್ನುವುದು ಬಾವಿ ಕೆಲಸ ಶುರುವಾದಾಗ ಗೊತ್ತಾಯಿತು.

ಬಾವಿ ಹಳೆಯದು. ಬೋರ್‌ವೆಲ್ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಒಂದೆರಡು ವರ್ಷ ಒಳ್ಳೆಯ ಮಳೆಯಾಗಿ ತಳದಲ್ಲಿ ನೀರು ಕಂಡಾಗ ಅಪ್ಪನಿಗೆ ಆಸೆ ಹುಟ್ಟಿ, ಸಂಕ್ರಾಂತಿ ಕಳೆದ ಮೇಲೆ ಹೂಳು ತೆಗೆಸಿ ಇನ್ನಷ್ಟು ಆಳ ಮಾಡಿಸಿದರು. ಮೇಲೆ ಕ್ರೇನು, ಕೆಳಗೆ ಬಾವಿ ತೋಡುವವರು. ಮೊದಲು ಮಣ್ಣು ಬಂತು, ಆಮೇಲೆ ಕಲ್ಲು ಬಂತು. ಎರಡು ಥರದ ಕಲ್ಲು. ಬಣ್ಣ ಎರಡಕ್ಕೂ ಒಂದೇ, ಬೂದಿ ಕಲಸಿದ ನೀಲಿ. ಒಂದನ್ನು ಹಾರೆಯಿಂದ ಮೀಟಿದರೆ ಹಲಗೆ ಹಲಗೆಯಾಗಿ ಏಳುತ್ತಿತ್ತು, ಅಂಚಿನಲ್ಲಿ ಪುಸ್ತಕದ ಹಾಳೆಯಂತೆ ಗೆರೆಗಳು. ಇನ್ನೊಂದರಲ್ಲಿ ಗೆರೆಯೂ ಇಲ್ಲ, ಪದರವೂ ಇಲ್ಲ. ದಪ್ಪ ದಪ್ಪ ಗುಂಡಾಗಿ ಒಡೆಯುತ್ತಿತ್ತು. ಅವ್ವ ನೋಡಿದವಳೇ ಹೆಸರಿಟ್ಟುಬಿಟ್ಟಳು, ಇದು ಹಾಳೆಕಲ್ಲು, ಅದು ಮುದ್ದೆಕಲ್ಲು. ಮನೆಯಲ್ಲಿ ಎಲ್ಲರೂ ಹಾಗೇ ಕರೆದೆವು.

ಈಗ ಅಪ್ಪನ ವಿಷಯ ಹೇಳಬೇಕು. ನಮ್ಮ ಕಡೆಯ ಗಂಡಸರಿಗೆ ಕೊಬ್ಬರಿಯೇ ಪಾಠಶಾಲೆ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚು ಕಡಿಮೆ ಒಂದು ವರ್ಷ ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟ ಲೊಟ ಅನ್ನಬೇಕು. ಅವಸರ ಮಾಡಿ ಇಳಿಸಿದರೆ ಕಮಟು ವಾಸನೆ ಬಂದು ಎಲ್ಲಾ ಹಾಳು. ಚಿಪ್ಪು ಒಡೆದಾಗ ಗಿಟುಕು, ಅಂದರೆ ಒಣಗಿದ ತಿರುಳು, ಇಡೀ ಉಂಡೆಯಾಗಿ ಬಂದರೆ ಅದು ಮೊದಲ ದರ್ಜೆ. ಗೆರೆ ಬಿದ್ದಿದ್ದರೆ, ಹೋಳಾಗಿದ್ದರೆ ಪಕ್ಕಕ್ಕೆ. ಅಪ್ಪ ಈ ಕೆಲಸದಲ್ಲಿ ಎತ್ತಿದ ಕೈ. ಅವರು ಇಳಿಸಿದ ಕಾಯಿಯಲ್ಲಿ ಕೆಟ್ಟದ್ದು ಸಿಗುತ್ತಿರಲಿಲ್ಲ. ಅದಕ್ಕೇ ಇರಬೇಕು, ಲೋಕದಲ್ಲಿ ಇರುವುದನ್ನೆಲ್ಲ ಅವರು ಕೊಬ್ಬರಿಯ ಹಾಗೇ ನೋಡುತ್ತಿದ್ದರು. ನನಗೆ ಬಂದ ಗಂಡುಗಳನ್ನೂ ಹಾಗೇ ನೋಡಿದ್ದರು ಅಂತ ಅವ್ವ ರೇಗಿಸುತ್ತಿದ್ದಳು.

ಬಾವಿಯ ಕಲ್ಲನ್ನೂ ಹಾಗೇ ಆರಿಸಿದರು. ಆ ಭಾನುವಾರ ನಾನು ಅಲ್ಲಿಯೇ ಇದ್ದೆ. ಹಾಳೆಕಲ್ಲನ್ನು ತಿರುಗಿಸಿ ಅಂಚು ನೋಡಿದರು, ಮುಖ ಸಿಂಡರಿಸಿದರು. "ಗೆರೆ ಐತೆ. ಇದು ಹೋಳು" ಎಂದು ಒಂದು ಕಡೆ ಒಟ್ಟಿಸಿದರು. ಮುದ್ದೆಕಲ್ಲನ್ನು ಸವರಿ, ಬೆರಳು ಮಡಿಸಿ ಕುಟ್ಟಿ, "ಇದು ನೋಡು ಉಂಡೆ! ಒಂದ್ ಬಿರುಕಿಲ್ಲ" ಎಂದು ಹೆಮ್ಮೆಪಟ್ಟರು. ತಮ್ಮ "ಯಾಕಪ್ಪ ಈ ಪಾಡು, ತಿಪಟೂರಿಂದ ಒಂದು ಚಪ್ಪಡಿ ತಂದು ಹಾಕಿದ್ರೆ ಆಯ್ತು" ಎಂದ. ಅಪ್ಪನಿಗೆ ರೇಗಿತು. "ನಮ್ ತೋಟದಲ್ಲೇ ಇಂಥಾ ಕಲ್ಲು ಎದ್ದಿರುವಾಗ ಬೇರೆ ಊರ್ ಕಲ್ಲು ಯಾಕ್ಲಾ? ನಿಮ್ಮವ್ವ ಕೂರೋದು ನಮ್ ಬಾವಿ ಕಲ್ಲಿನ ಮೇಲೇ."

ಈ ಮಾತು ನಡೆಯುತ್ತಿರುವಾಗಲೇ ಅವ್ವ ಹೋಗಿ ಹಾಳೆಕಲ್ಲಿನ ಒಟ್ಟಿಲಿನ ಮೇಲೆ ಕೂತಳು. ಒಂದರ ಮೇಲೊಂದು ಮಟ್ಟಸವಾಗಿ ಬಿದ್ದಿದ್ದವು, ಎತ್ತರವೂ ಹೇಳಿ ಮಾಡಿಸಿದ ಹಾಗಿತ್ತು. ಕಾಲು ಇಳಿಬಿಟ್ಟು, ಸೆರಗಿನಿಂದ ಕತ್ತು ಒರೆಸಿಕೊಂಡು, "ಇದೇ ಚೆನ್ನಾಗೈತೆ ಬುಡ್ರಿ" ಅಂದಳು.

"ಏಳೇ ಮೇಲೆ" ಎಂದು ಅಪ್ಪ ಗದರಿದರು. "ಹೋಳ್ ಕಲ್ಲು ಅದು. ಜರುಗಿ ಬಿದ್ರೆ ಇರೋ ಮಂಡಿನೂ ಹೋಯ್ತದೆ. ನಿಂಗೆ ಒಳ್ಳೇದ್ ಮಾಡಿಸ್ಕೊಡ್ತೀನಿ, ಏಳು."

ಅವ್ವ ಎದ್ದಳು. ತಮ್ಮನ ಕೈ ಹಿಡಿದುಕೊಂಡು ಎದ್ದಳು. ಆ ವಾರವೇ ಅಪ್ಪ ಟ್ರ್ಯಾಕ್ಟರ್ ತರಿಸಿ ಹಾಳೆಕಲ್ಲನ್ನೆಲ್ಲ ತುಂಬಿಸಿ, ತೋಟಕ್ಕೆ ಬರುವ ಬಂಡಿಜಾಡಿನ ಗುಂಡಿಗಳಿಗೆ ಹಾಕಿಸಿಬಿಟ್ಟರು.

ಇನ್ನು ಮುದ್ದೆಕಲ್ಲು. ಬಾವಿಯಿಂದ ಬಂದಾಗ ಅದು ತಣ್ಣಗೆ, ಒಳಗೆಲ್ಲ ತೇವ ಹಿಡಿದುಕೊಂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಕಟ್ಟೆ ಕಟ್ಟುತ್ತಿದ್ದರು. ಅಪ್ಪ ಕಟ್ಟಲಿಲ್ಲ. "ಹಸಿ ಕಲ್ಲು ಕಣೇ, ಒಣಗ್ಬೇಕು" ಅಂದರು. ಒಳ್ಳೊಳ್ಳೆಯದನ್ನು ಆರಿಸಿ ಕೊಬ್ಬರಿ ಶೆಡ್ಡಿಗೆ ಸಾಗಿಸಿ, ಅಟ್ಟದ ಕೆಳಗೆ, ಗಾಳಿಯಾಡಲಿ ಅಂತ ಒಂದಕ್ಕೊಂದು ತಾಗದ ಹಾಗೆ ಜೋಡಿಸಿದರು. ಬಿಸಿಲಿಗೆ ಇಡಲಿಲ್ಲ, ಬಿರುಕು ಬಿಡುತ್ತದಂತೆ. ನೆರಳಲ್ಲೇ ನಿಧಾನವಾಗಿ ಆರಬೇಕಂತೆ. ಥೇಟ್ ಕೊಬ್ಬರಿಯ ಲೆಕ್ಕ! ವಾರಕ್ಕೊಮ್ಮೆ ಹೋಗಿ ಮಗ್ಗುಲು ಬದಲಾಯಿಸುತ್ತಿದ್ದರು.

ಅವ್ವ ಕಾದಳು. ಮುಂಗಾರು ಬಂತು, ಗೌರಿ ಹಬ್ಬ ಬಂತು, ದೀಪಾವಳಿ ಬಂತು. ನಾನು ಹೋದಾಗೆಲ್ಲ ಅವಳು ಹೊಂಗೆಮರಕ್ಕೆ ಒರಗಿ ನಿಂತೇ ಇರುತ್ತಿದ್ದಳು. ಒಮ್ಮೊಮ್ಮೆ ಬಿದಿರಿನ ಮಂಕರಿ ಬೋರಲು ಹಾಕಿಕೊಂಡು ಅದರ ಮೇಲೆ ಅರ್ಧ ಕೂತಿರುತ್ತಿದ್ದಳು. "ಏನ್ರೀ, ಕಲ್ಲು ಇನ್ನೂ ಹಣ್ಣಾಗ್ಲಿಲ್ವಾ?" ಎಂದು ಶೆಡ್ಡಿನ ಕಡೆ ಕೂಗುತ್ತಿದ್ದಳು. "ಅವಸರ ಮಾಡಿದ್ರೆ ಕಮಟು ಬತ್ತದೆ, ಸುಮ್ನಿರೇ" ಎಂದು ಅಲ್ಲಿಂದ ಉತ್ತರ ಬರುತ್ತಿತ್ತು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಶಿವರಾತ್ರಿ ಕಳೆದ ಮೇಲೆ ಅಪ್ಪ ಕಟ್ಟೆ ಕಟ್ಟಿಸಿದರು. ಒಣಗಿದ ಮುದ್ದೆಕಲ್ಲು ಕಬ್ಬಿಣದ ಹಾಗಾಗಿತ್ತು, ಉಗುರು ಹಾಕಿ ಕೆರೆದರೂ ಗೀಚು ಬೀಳುತ್ತಿರಲಿಲ್ಲ. ಸಿಮೆಂಟು ಬೇಡ, ಕಾದು ಸುಡುತ್ತದೆ ಎಂದು ಅವ್ವ ಹೇಳಿದ್ದರಿಂದ ಬರೀ ಕಲ್ಲಿಗೆ ಕಲ್ಲು ಕೂರಿಸಿ, ಮೇಲೆ ಎರಡು ದೊಡ್ಡ ಮುದ್ದೆಕಲ್ಲನ್ನು ಮಟ್ಟ ಮಾಡಿ ಇಟ್ಟರು. ಅವ್ವ ಒಂದು ಹನಿ ನೀರು ಚಿಮುಕಿಸಿ ಅರಿಸಿನ ಕುಂಕುಮ ಹಚ್ಚಿದಳು. ನೀರು ಬಿದ್ದ ಕಡೆ ಘಮ್ಮೆಂದಿತು. "ಮಳೆ ಬಂದಂಗೆ ವಾಸ್ನೆ ಬತ್ತದೆ ನೋಡ್ರಿ!" ಎಂದು ಹಿಗ್ಗಿದಳು.

ಆ ಬೇಸಿಗೆಯ ಕೆಲವು ವಾರ ಅವಳು ರಾಣಿಯ ಹಾಗೆ ಕೂತಳು. ಒಂದು ಮಧ್ಯಾಹ್ನ ನಾನು ಹುಳಿಯಾರು ಬಸ್ಸಿಳಿದು ನಡೆದುಕೊಂಡು ಹೋದರೆ, ದೂರದಿಂದಲೇ ಇಬ್ಬರೂ ಕಂಡರು. ಅಪ್ಪ ಒಂದು ಕೊನೆಗೆ, ಅವ್ವ ಒಂದು ಕೊನೆಗೆ. ಮಧ್ಯೆ ಮಜ್ಜಿಗೆ ಚೊಂಬು. ಯಾವುದೋ ಮರದ ಕಾಯಿ ಮೊದಲೆಲ್ಲ ಇಷ್ಟು ಸಣ್ಣಗಿತ್ತೋ ಇಲ್ಲವೋ ಎಂದು ಜಗಳ ನಡೆಯುತ್ತಿತ್ತು. ಅವರಿಬ್ಬರೂ ಹಾಗೆ ಪಕ್ಕಪಕ್ಕ ಕೂತಿದ್ದನ್ನು ನಾನು ಮದುವೆಮನೆಗಳ ಫೋಟೋದಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ನನ್ನನ್ನು ಕಂಡ ಕೂಡಲೇ ಅಪ್ಪ ನಾಚಿಕೊಂಡು ಎದ್ದು ಹೋದರು. ಅಯ್ಯೋ, ಇನ್ನೊಂದು ಬಸ್ಸಿಗೆ ಬಂದಿದ್ದರೆ ಆಗುತ್ತಿತ್ತಲ್ಲ ಅನ್ನಿಸಿತು.

ಭರಣಿ ಮಳೆ ಆ ಸಲ ಜೋರಾಗಿಯೇ ಬಂತು. ಮಾರನೆಯ ಬೆಳಗ್ಗೆ ಅವ್ವನ ಫೋನು. "ಲೇ, ನಿಮ್ಮಪ್ಪನ ಕಲ್ಲು ಹಣ್ಣಾಯ್ತು ಕಣೇ. ಬಂದು ನೋಡ್ಕಂಡು ಹೋಗು" ಎಂದು ನಕ್ಕಳು. ನಗು ಪೂರ್ತಿ ನಗುವಾಗಿರಲಿಲ್ಲ.

ಹೋಗಿ ನೋಡಿದರೆ ಕಟ್ಟೆಯೇ ಇಲ್ಲ. ಹೊಂಗೆಮರದ ಬುಡದಲ್ಲಿ ಒಂದು ಗುಡ್ಡೆ. ಮೇಲಿನ ಕಲ್ಲುಗಳು ಬಾಯಿಬಾಯಿ ಬಿಟ್ಟುಕೊಂಡು, ಚೂರು ಚೂರಾಗಿ, ಅಂಚುಗಳೆಲ್ಲ ಕೆಸರಾಗಿ ಇಳಿದಿದ್ದವು. ಕೈಯಲ್ಲಿ ಹಿಡಿದರೆ ರಾಗಿ ಹಿಟ್ಟು ಕಲಸಿದ ಹಾಗೆ ಬೆರಳ ಸಂದಿಯಲ್ಲಿ ನುಣುಚಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಯಾರ ಮೇಲೆ ಮಾಡಿಕೊಳ್ಳಲಿ? "ಥೂ, ಇದರ ಮನೆ ಹಾಳಾಗ!" ಎಂದು ಕಲ್ಲಿಗೇ ಬೈದೆ. ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಒಂದು ಚೂರನ್ನು ಎತ್ತಿ ಪುಡಿ ಮಾಡುವುದು, ಇನ್ನೊಂದನ್ನು ಎತ್ತುವುದು. "ಉಂಡೆ ಇತ್ತಲ್ಲ ಕಣವ್ವ" ಅಂದರು ನನಗೆ. "ಒಂದು ಗೆರೆ ಇರ್ಲಿಲ್ವಲ್ಲ." ಅವ್ವ ಅವರ ಬೆನ್ನ ಹಿಂದೆ ನಿಂತು, ಬೇಡ, ಮಾತಾಡಬೇಡ ಎಂದು ನನಗೆ ಕಣ್ಣಿನಲ್ಲೇ ಹೇಳಿದಳು. ಮಧ್ಯಾಹ್ನ ಅಪ್ಪ ಆ ಕೆಸರನ್ನೆಲ್ಲ ಮಂಕರಿಯಲ್ಲಿ ತುಂಬಿ ತೆಂಗಿನ ಬುಡಗಳಿಗೆ ಸುರಿದರು. ಕಾಯಿ ಕೀಳುವ ಕೆಲಸ ಮುಗಿದ ಮೇಲೆ ತಿಪಟೂರಿಂದ ಚಪ್ಪಡಿ ತರೋಣ ಎಂದು ಅವರೇ ತಮ್ಮನಿಗೆ ಹೇಳಿದರು. ಅವ್ವ ಎಂದಿನಂತೆ "ಇರ್ಲಿ ಬುಡಿ" ಅಂದಳು.

ನನಗೆ ಮಾತ್ರ ಬಿಡಲು ಮನಸ್ಸಾಗಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಉಳಿದಿದ್ದ ಒಣ ಮುದ್ದೆಕಲ್ಲಿನ ತುಂಡುಗಳನ್ನೂ, ಬಂಡಿಜಾಡಿನಿಂದ ಒಂದೆರಡು ಹಾಳೆಕಲ್ಲನ್ನೂ ಬ್ಯಾಗಿಗೆ ಹಾಕಿಕೊಂಡು ಬಂದು, ನಮ್ಮ ಶಾಲೆಯ ವಿಜ್ಞಾನದ ಮೇಡಂ ಮುಂದಿಟ್ಟೆ. ನನಗಿಂತ ಚಿಕ್ಕವರು, ತುಂಬಾ ಸಮಾಧಾನದ ಹೆಂಗಸು. ಸ್ಟಾಫ್ ರೂಮಿನಲ್ಲಿ ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ ಒಂದೊಂದರಲ್ಲಿ ಒಂದೊಂದು ತುಂಡು ಬಿಟ್ಟರು. ಹಾಳೆಕಲ್ಲು ತಳದಲ್ಲಿ ಸುಮ್ಮನೆ ಕೂತಿತು. ಮುದ್ದೆಕಲ್ಲಿನಿಂದ ಬುಳುಬುಳು ಗುಳ್ಳೆ ಎದ್ದವು. ನೋಡನೋಡುತ್ತ ಮೂಲೆಗಳು ಕಳಚಿ ಬಿದ್ದವು, ಮೈ ಸೀಳಿತು. ನಾವು ಟೀ ಕುಡಿದು ಮುಗಿಸುವ ಹೊತ್ತಿಗೆ ಲೋಟದ ತಳದಲ್ಲಿ ಬರೀ ಕೆಸರು.

"ಎರಡೂ ಒಂದು ಕಾಲದ ಕೆಸರೇ ಮೇಡಂ" ಎಂದು ಅವರು ವಿವರಿಸಿದರು. "ನೀರಿನ ತಳದಲ್ಲಿ ಕೂತ ಜೇಡಿ. ಒಂದರಲ್ಲಿ ಜೇಡಿಯ ಕಣಗಳು ಒಂದೇ ಕಡೆ ತಿರುಗಿ ಮಲಗಿ, ಪದರ ಪದರವಾಗಿ ಒತ್ತಡ ಬಿದ್ದು ಗಟ್ಟಿಯಾಗಿವೆ. ಇದು ಶೇಲ್. ಇನ್ನೊಂದರಲ್ಲಿ ಕಣಗಳು ಹೆಂಗೆಂಗೋ ಬಿದ್ದಿವೆ, ಪದರ ಇಲ್ಲ. ಇದು ಮಡ್‌ಸ್ಟೋನ್. ಪದರ ಇದ್ದಿದ್ದೆಲ್ಲ ಗಟ್ಟಿ ಅಂತಲ್ಲ, ಉದುರೋ ಶೇಲೂ ಇದೆ, ಕಲ್ಲಿನಂಥ ಮಡ್‌ಸ್ಟೋನೂ ಇದೆ. ನಿಮ್ಮ ಬಾವಿಯಲ್ಲಿ ಮಾತ್ರ ಶೇಲ್ ಗಟ್ಟಿ, ಮಡ್‌ಸ್ಟೋನ್ ಮೆದು." ಆಮೇಲೆ ಒಂದು ಮಾತು ಹೇಳಿದರು. ಮೆದು ಮಡ್‌ಸ್ಟೋನನ್ನು ಒಣಗಿಸಿದಷ್ಟೂ ಕೆಟ್ಟದ್ದಂತೆ. ಒಳಗಿನ ತೇವ ಆರಿ ಆ ಜಾಗಕ್ಕೆ ಗಾಳಿ ಸೇರಿಕೊಂಡಿರುತ್ತದೆ. ಮೇಲೆ ನೀರು ಬಿದ್ದಾಗ ಒಳಕ್ಕೆ ನುಗ್ಗಿ ಆ ಗಾಳಿಯನ್ನು ಒತ್ತಿ ಕಲ್ಲನ್ನೇ ಒಡೆಯುತ್ತದೆ. ಶೇಲನ್ನು ಒಣಗಿಸುವ ಮಾತೇ ಇರಲಿಲ್ಲ. ಮೇಲಕ್ಕೆ ಬಂದ ದಿನವೇ ಹಾಸಬಹುದಿತ್ತು.

ಬಂದ ದಿನವೇ. ಅಪ್ಪ ಮೈಗಳ್ಳತನ ಮಾಡಿ ಕಟ್ಟೆ ಕೆಡಿಸಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು. ಅವರು ತಮಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಕೆಲಸವನ್ನೇ ಮಾಡಿದ್ದರು. ಗೆರೆಯಿಲ್ಲದ್ದನ್ನು ಆರಿಸಿದ್ದರು, ನೆರಳಲ್ಲಿ ಆರಿಸಿದ್ದರು, ವರ್ಷ ಕಾದಿದ್ದರು. ಅದೇ ಅವ್ವನ ವರ್ಷವನ್ನು ತಿಂದುಹಾಕಿತ್ತು.

ಸಂಜೆ ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. "ನಿಮ್ಮಪ್ಪಂಗೆ ಹೇಳ್ಬೇಡ ಬುಡು. ಮೊದ್ಲೇ ಸರಿಯಾಗಿ ಉಣ್ತಿಲ್ಲ" ಅಂದಳು. "ನಿನ್ನ ಮಂಡಿ ಹೆಂಗಿದೆ?" ಎಂದು ಕೇಳಿದೆ. "ಹೊಂಗೆಮರ ಐತಲ್ಲ, ಒರಗ್ಕಂತೀನಿ" ಅಂದಳು.

ಚಪ್ಪಡಿ ಬರಲಿಲ್ಲ. ಕಾಯಿ ಕೀಳುವ ಕೆಲಸ ಮುಗಿಯುವ ಮೊದಲೇ ಶ್ರಾವಣದಲ್ಲಿ ಅವ್ವ ಹೋಗಿಬಿಟ್ಟಳು. ಬೆಳಗ್ಗೆ ಹಾಲು ಕರೆದು ಬಂದವಳು ಎದೆ ನೋವು ಅಂದಳಂತೆ. ಆಸ್ಪತ್ರೆ ಮುಟ್ಟಲಿಲ್ಲ. ಎಷ್ಟು ಜನ ಬಂದರು, ಏನೇನು ಸಮಾಧಾನ ಹೇಳಿದರು, ನನಗೊಂದೂ ನೆನಪಿಲ್ಲ. ಬಾವಿಯ ಪಕ್ಕದ ಆ ಖಾಲಿ ಜಾಗ ಮಾತ್ರ ನೆನಪಿದೆ. ಎಲ್ಲರೂ ಅದನ್ನು ತುಳಿದುಕೊಂಡು ಓಡಾಡುತ್ತಿದ್ದರು.

ಅವ್ವ ಹೇಳಿದಂತೆ ನಾನು ಅಪ್ಪನಿಗೆ ಕಲ್ಲಿನ ವಿಷಯ ಎತ್ತಲಿಲ್ಲ. ಎತ್ತಿ ಏನಾಗಬೇಕಿತ್ತು? ಆದರೆ ಮುಂದಿನ ಮಳೆಗಾಲ ಅವರಿಗೆ ತಾನೇ ಹೇಳಿತು. ಬಿಟ್ಟೂಬಿಡದೆ ಸುರಿದು ಸುತ್ತಲಿನ ದಾರಿಗಳೆಲ್ಲ ಕೆಸರಾದರೂ ನಮ್ಮ ಬಂಡಿಜಾಡು ಗಟ್ಟಿಯಾಗಿ ನಿಂತಿತ್ತು. ಟ್ರ್ಯಾಕ್ಟರ್ ಹರಿದು, ದನ ತುಳಿದು, ನೀರು ಕೊಚ್ಚಿದರೂ ಹಾಳೆಕಲ್ಲುಗಳು ಮಣ್ಣು ತೊಳೆದುಕೊಂಡು ನೀಲಿಯಾಗಿ ಮೇಲೆದ್ದಿದ್ದವು. ಅಪ್ಪ ದಿನಾ ಅಲ್ಲಿ ಹೋಗಿ ನಿಲ್ಲುತ್ತಾರೆ, ಬಗ್ಗಿ ನೋಡುತ್ತಾರೆ ಎಂದು ತಮ್ಮ ಫೋನಿನಲ್ಲಿ ಹೇಳಿದ.

ದಸರೆ ರಜೆಗೆ ನಾನು ಹೋದೆ. ಅಪ್ಪ ಊಟಕ್ಕೂ ಮುಂಚೆ "ಬಾರವ್ವ ಇಲ್ಲಿ" ಎಂದು ಬಾವಿಯ ಹತ್ತಿರ ಕರೆದುಕೊಂಡು ಹೋದರು. ಹೊಂಗೆಮರದ ಬುಡದಲ್ಲಿ ಕಟ್ಟೆ ಇತ್ತು. ಬಂಡಿಜಾಡಿನಿಂದ ಮೀಟಿ ತೆಗೆದ ಹಾಳೆಕಲ್ಲುಗಳನ್ನು ಒಂದರ ಮೇಲೊಂದು ಒಟ್ಟಿ, ಮೇಲೊಂದು ಅಗಲದ್ದನ್ನು ಹಾಸಿದ್ದರು. ಅಂಚಿನಲ್ಲಿ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಒಣಗಿಸಿಲ್ಲ, ಆರಿಸಿಲ್ಲ. ಕಿತ್ತ ದಿನವೇ ತಂದು ಹಾಸಿದ್ದಂತೆ, ಒಬ್ಬರೇ.

ಹೆಗಲ ಟವಲ್ ತೆಗೆದು ಕಲ್ಲನ್ನು ಒರೆಸಿದರು. "ಕೂತ್ಕೊ. ಹೆಂಗೈತೆ ಹೇಳು."

ಕೂತೆ. ಹದವಾದ ಎತ್ತರ. ಕಾಲು ತಾನಾಗಿ ಕೆಳಗೆ ಇಳಿಯಿತು. ಹೊಂಗೆಯ ನೆರಳು, ಬಾವಿಯ ತಂಪು. "ಚೆನ್ನಾಗೈತಪ್ಪ" ಅಂದೆ. "ನೀವೂ ಕೂತ್ಕೊಳಿ."

ಅಪ್ಪ ಕೂರಲಿಲ್ಲ. ಟವಲ್ಲನ್ನು ಮಡಿಸುತ್ತಾ, ಬಿಚ್ಚುತ್ತಾ ನಿಂತಿದ್ದರು.

"ಅವ್ಳು ಅವತ್ತೇ ಹೇಳಿದ್ಲು ಕಣವ್ವ, ಇದೇ ಚೆನ್ನಾಗೈತೆ ಅಂತ" ಅಂದರು. "ಕೂತಿದ್ಲು. ನಾನೇ ಎಬ್ಬಿಸ್ಬುಟ್ಟೆ."